ಖಾಲಿ ಲೇನ್ ಯಾರದ್ದು?

ಹೋದ ಸೆಮ್‌ನ ಲ್ಯಾಬ್ ಇಂಟರ್ನಲ್ಸ್ ದಿನ ನಾವು ಐದು ಜನ ಒಂದೇ ಬಸ್ಸಲ್ಲಿ ಇದ್ವಿ. ಒಂಬತ್ತೂವರೆಗೆ ಲ್ಯಾಬ್. ಕಾಲೇಜಿಗೆ ಇನ್ನು ಮೂರೇ ಸ್ಟಾಪು ಅನ್ನುವಾಗ ಸಿಗ್ನಲ್ ಹತ್ತಿರ ಪೊಲೀಸರು ಕೈ ಅಡ್ಡ ಹಿಡಿದು ಬಸ್ ನಿಲ್ಲಿಸಿದ್ರು. ಯಾರೋ ದೊಡ್ಡವರು ಬರ್ತಾರಂತೆ. ಮುಂದೆ ನೋಡಿದ್ರೆ ರಸ್ತೆ ಪೂರ್ತಿ ಖಾಲಿ. ಅಷ್ಟು ಅಗಲ ಇದೆ ಅಂತ ನಮಗೆ ಅವತ್ತೇ ಗೊತ್ತಾಗಿದ್ದು. ಒಂದು ನಾಯಿ ಎಡಕ್ಕೂ ನೋಡದೆ ಬಲಕ್ಕೂ ನೋಡದೆ ಆರಾಮಾಗಿ ದಾಟಿಕೊಂಡು ಹೋಯ್ತು. ಇಪ್ಪತ್ತೈದು ನಿಮಿಷ ಆದ ಮೇಲೆ ಏಳೆಂಟು ಕಾರು ಬಂದವು, ಹದಿನೈದು ಸೆಕೆಂಡಲ್ಲಿ ಮಾಯ. ಕಂಡಕ್ಟರ್ ಅಣ್ಣ ನಮ್ಮ ಮುಖ ನೋಡಿ, "ಇಳಿದು ಓಡ್ರಪ್ಪ, ಇನ್ನು ಈ ಗಾಡಿ ಅಲ್ಲಾಡೋಕೆ ಕಾಲು ಗಂಟೆ ಬೇಕು" ಅಂದ್ರು. ಓಡಿದ್ವಿ. ಲ್ಯಾಬ್ ಬಾಗಿಲಲ್ಲಿ ಮೇಡಂ ಒಂದೇ ಮಾತು ಹೇಳಿದ್ರು: "ಮಿಕ್ಕವರೂ ಅದೇ ರೋಡಲ್ಲೇ ತಾನೇ ಬಂದಿದ್ದು?"

ಮಿಕ್ಕವರು ಹಾಸ್ಟೆಲ್‌ನವರು ಅಂತ ಎದುರು ಹೇಳೋ ಧೈರ್ಯ ಯಾರಿಗೂ ಬರಲಿಲ್ಲ.

ಅವತ್ತು ಮಧ್ಯಾಹ್ನ ಕ್ಯಾಂಟೀನಲ್ಲಿ ಮಾತು ಎಲ್ಲೆಲ್ಲೋ ಹೋಗಿ 2030ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಬಂತು. ಅಹಮದಾಬಾದ್‌ಗೆ ಆ ಕೂಟ ಸಿಕ್ಕಿದ್ದು 2025ರ ನವೆಂಬರ್‌ನಲ್ಲಿ. 2036ರ ಒಲಿಂಪಿಕ್ಸ್ ಕೂಡ ನಮ್ಮ ದೇಶಕ್ಕೆ ಬೇಕು ಅಂತ ಪ್ರಯತ್ನ ನಡೀತಿದೆ. "ಏಳೆಂಟು ಕಾರಿಗೇ ಹೀಗಾದ್ರೆ, ಎಪ್ಪತ್ತು ದೇಶದವರು ಬಂದಾಗ ಆ ಊರಿನವರ ಗತಿ?" ಅಂತ ಒಬ್ಬ ಕೇಳಿದ. ಅದರ ಮೇಲೆ ಒಂದು ಲೇಖನ ಬರೆಯೋಣ, ಚೆನ್ನಾಗಿ ಬೈಯೋಣ ಅಂತ ಹೊರಟಿದ್ದು ನಾವು. ಎರಡು ವಾರ ಓದಿದ ಮೇಲೆ ನಮ್ಮ ಅಭಿಪ್ರಾಯ ಅರ್ಧ ಮಗುಚಿಕೊಂಡಿದೆ. ಇನ್ನರ್ಧ ಸಿಟ್ಟು ಹಾಗೇ ಇದೆ, ಆದರೆ ಅದು ಬೇರೆ ಕಡೆ ತಿರುಗಿದೆ. (ಇಂಗ್ಲಿಷ್ ಮೀಡಿಯಂ ಕನ್ನಡ ನಮ್ಮದು. ಒತ್ತಕ್ಷರ ಎಲ್ಲಾದ್ರೂ ಜಾರಿದ್ರೆ ಸಂಪಾದಕರು ಹಿಡ್ಕೊಳ್ತಾರೆ ಅಂತ ನಂಬಿದ್ದೀವಿ.)

ನಮ್ಮ ದೇಶದಲ್ಲಿ ಇಂಥದ್ದು ಕಡೆಯ ಸಲ ನಡೆದಿದ್ದು ದೆಹಲಿಯಲ್ಲಿ, 2010ರ ಅಕ್ಟೋಬರ್ 3ರಿಂದ 14ರವರೆಗೆ. ಆಗ ನಮಗೆಲ್ಲ ಮೂರೋ ನಾಲ್ಕೋ ವರ್ಷ. ಆದರೆ ನಮ್ಮಲ್ಲೊಬ್ಬನ ದೊಡ್ಡಪ್ಪ ಆಗ ಆರ್.ಕೆ. ಪುರಂನಲ್ಲಿ ಇದ್ದರು, ಕೇಂದ್ರ ಸರ್ಕಾರದ ಕೆಲಸ. ಫೋನ್ ಮಾಡಿ ಕೇಳಿದ್ವಿ. ಅವರು ಹೇಳಿದ್ದು ಎರಡು ವಿಷಯ, ಒಂದಕ್ಕೊಂದು ಉಲ್ಟಾ. ಮೊದಲನೆಯದು: "ಆ ಎರಡು ವಾರ ದೆಹಲಿ ರಸ್ತೆ ಇದ್ದಷ್ಟು ಆರಾಮಾಗಿ ಆಮೇಲೆ ಯಾವತ್ತೂ ಇರಲಿಲ್ಲಪ್ಪ." ಎರಡನೆಯದು: "ಬಸ್ ಸ್ಟಾಪಲ್ಲಿ ನಿಂತು ನಿಂತು ಕಾಲು ಬಾವು ಬಂತು. ಕಣ್ಣೆದುರಿಗೇ ಒಂದು ಲೇನು ಖಾಲಿ ಬಿದ್ದಿರೋದು, ನಮ್ಮ ಬಸ್ಸು ಮಾತ್ರ ಪಕ್ಕದ ಲೇನಲ್ಲಿ ತೆವಳ್ತಾ ಇರೋದು."

ಎರಡೂ ನಿಜವೇ. ಕೂಟದ ವಾಹನಗಳಿಗೆ ಅಂತಲೇ ದೆಹಲಿಯ ಮುಖ್ಯ ರಸ್ತೆಗಳಲ್ಲಿ ಒಂದು ಲೇನ್ ಬಣ್ಣ ಬಳಿದು ಬೇರೆ ಮಾಡಿದ್ದರು. ಬೇರೆಯವರು ಅದರೊಳಗೆ ಹೋದ್ರೆ 2,000 ರೂಪಾಯಿ ದಂಡ. 2010ರ 2,000, ಈಗಿನದ್ದಲ್ಲ. ಶಾಲೆ ಕಾಲೇಜುಗಳಿಗೆ ರಜೆ ಕೊಟ್ಟರು. ಬ್ಲೂಲೈನ್ ಅಂತ ಖಾಸಗಿ ಬಸ್ಸುಗಳಿದ್ದವು, ಜನರನ್ನ ಗುದ್ದಿ ಕೊಲ್ಲೋದಕ್ಕೇ ಹೆಸರು ಮಾಡಿದಂಥವು. ಅವುಗಳನ್ನ ರಸ್ತೆಯಿಂದ ತೆಗೆದರು. ಬೀದಿ ಬದಿ ವ್ಯಾಪಾರಿಗಳನ್ನೂ ಭಿಕ್ಷುಕರನ್ನೂ ಎಬ್ಬಿಸಿದರು. ಕೆಲವು ಕಡೆ ಜೋಪಡಿಗಳು ಅತಿಥಿಗಳ ಕಣ್ಣಿಗೆ ಬೀಳದ ಹಾಗೆ ಕೂಟದ ಬ್ಯಾನರ್‌ಗಳನ್ನೇ ಗೋಡೆ ಥರ ನಿಲ್ಲಿಸಿದ್ದರು. ಒಟ್ಟಿನಲ್ಲಿ ರಸ್ತೆ ಸಲೀಸಾಗಿದ್ದಕ್ಕೆ ಒಂದು ಕಾರಣ, ಅದನ್ನ ದಿನಾ ಬಳಸೋ ಅರ್ಧ ಜನಕ್ಕೆ ಮನೆಯಲ್ಲಿರಿ ಅಂತ ಹೇಳಿದ್ದು.

ಆದ್ರೆ ಲೇನ್ ಬೇಕಿತ್ತಾ ಅಂದ್ರೆ, ಬೇಕಿತ್ತು. ಇಲ್ಲೇ ನಮ್ಮ ಮೊದಲ ಅಭಿಪ್ರಾಯ ಮಗುಚಿದ್ದು. ದೆಹಲಿಯ ನಕ್ಷೆ ತೆಗೆದು ನೋಡಿ. ಕ್ರೀಡಾಗ್ರಾಮ ಇದ್ದಿದ್ದು ಯಮುನೆಯ ಪೂರ್ವ ದಡದಲ್ಲಿ, ಅಕ್ಷರಧಾಮದ ಹತ್ತಿರ. ಜವಾಹರಲಾಲ್ ನೆಹರು ಕ್ರೀಡಾಂಗಣ, ಸಿರಿ ಫೋರ್ಟ್ ಎಲ್ಲ ನದಿಯ ಈಚೆ. ನಡುವೆ ಇರೋದು ಬೆರಳೆಣಿಕೆಯಷ್ಟು ಸೇತುವೆ, ದಿನಾ ಬೆಳಿಗ್ಗೆ ಅರ್ಧ ಊರು ಅದರ ಮೇಲೇ ದಾಟಬೇಕು. ನಮ್ಮ ಕೊಡಗಿನ ಮೂಲದ ಅಶ್ವಿನಿ ಪೊನ್ನಪ್ಪ, ಜ್ವಾಲಾ ಗುಟ್ಟಾ ಜೊತೆ ಬ್ಯಾಡ್ಮಿಂಟನ್ ಡಬಲ್ಸ್ ಚಿನ್ನ ಗೆದ್ದಿದ್ದು ಸಿರಿ ಫೋರ್ಟ್‌ನಲ್ಲೇ, ಕೂಟದ ಕೊನೆಯ ದಿನ. ಅಂಥ ದಿನ ಆಟಗಾರರ ಬಸ್ಸು ಸೇತುವೆ ಮೇಲೆ ಸಿಕ್ಕಿಹಾಕಿಕೊಂಡ್ರೆ? ನಮಗೆ ಲ್ಯಾಬ್ ಇಂಟರ್ನಲ್ಸ್ ಹೋದ್ರೆ ಹತ್ತು ಅಂಕ ಹೋಗುತ್ತೆ, ಮೇಡಂ ಒಳ್ಳೆ ಮೂಡಲ್ಲಿದ್ರೆ ಇನ್ನೊಂದು ಸಲ ಕೊಡ್ತಾರೆ. ಅವರಿಗೆ ಇನ್ನೊಂದು ಸಲ ಅಂದ್ರೆ ನಾಲ್ಕು ವರ್ಷ.

ಇದು ಸುಮ್ಮನೆ ಹೇಳ್ತಿರೋ ಮಾತಲ್ಲ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಆಗಿದ್ದೇ ಇದು. ಬೇರೆ ಬೇರೆ ಊರಿಂದ ಬಸ್ಸು, ಡ್ರೈವರ್ ಎರಡನ್ನೂ ತರಿಸಿದ್ದರು. ಡ್ರೈವರ್‌ಗಳಿಗೆ ಊರೇ ಗೊತ್ತಿಲ್ಲ, ಜಿಪಿಎಸ್ ಕಾಲ ಅಲ್ಲ. ಆಟಗಾರರನ್ನ ಕೂರಿಸಿಕೊಂಡು ದಾರಿ ತಪ್ಪಿದರು. ಸ್ಪರ್ಧೆಗೆ ತಡವಾಗುತ್ತೆ ಅಂತ ಆಟಗಾರರು, ವರದಿ ಕಳಿಸೋಕೆ ತಡವಾಗುತ್ತೆ ಅಂತ ಪತ್ರಕರ್ತರು, ಎಲ್ಲರೂ ಕಿಡಿಕಿಡಿ. ಆಮೇಲೆ ಬಂದ ಸಿಡ್ನಿ 2000ರಲ್ಲಿ ಅವರು ಈ ಪಾಠ ಕಲಿತು, ಮುಖ್ಯ ಒಲಿಂಪಿಕ್ ಪಾರ್ಕ್‌ಗೆ ಪ್ರೇಕ್ಷಕರು ಕಾರಲ್ಲಿ ಬರೋ ಹಾಗೇ ಇಲ್ಲ ಅಂದುಬಿಟ್ಟರು. ರೈಲು ಇಲ್ಲಾ ಬಸ್ಸು. ಟಿಕೆಟ್ ಜೊತೆಗೇ ಪ್ರಯಾಣವೂ ಸೇರಿತ್ತು.

ಹಾಗಾಗಿ ಮೀಸಲು ಲೇನನ್ನ ಬೈಯೋದು ನಾವು ಬಿಟ್ಟಿದ್ದೀವಿ. ದೊಡ್ಡಪ್ಪನಿಗೂ, ಅವತ್ತು ಬಸ್ಸಲ್ಲಿ ಕೂತಿದ್ದ ನಮಗೂ ಹೊಟ್ಟೆ ಉರಿಸಿದ್ದು ಲೇನ್ ಖಾಲಿ ಇದೆ ಅನ್ನೋದು. ಅದರ ಲೆಕ್ಕವನ್ನ ಸ್ವಲ್ಪ ಹಾಕೋಣ. ಇಂಜಿನಿಯರಿಂಗ್ ಓದ್ತಿದ್ದೀವಿ ಅಂತ ಮನೆಯಲ್ಲಿ ನಂಬಿದ್ದಾರೆ, ಸಾರ್ಥಕ ಆಗಲಿ.

ಅಡೆತಡೆ ಇಲ್ಲದ ಹೆದ್ದಾರಿಯಲ್ಲಿ ಒಂದು ಲೇನಿನಲ್ಲಿ ಗಂಟೆಗೆ ಸುಮಾರು 1,800 ಕಾರು ಹೋಗಬಹುದು ಅಂತ ಲೆಕ್ಕ. ಸಿಗ್ನಲ್ ಇರೋ ಊರೊಳಗಿನ ರಸ್ತೆಯಲ್ಲಿ ಹಸಿರು ದೀಪ ಅರ್ಧ ಹೊತ್ತು ಮಾತ್ರ ತಾನೇ, ಅದಕ್ಕೆ 900 ಅಂತ ಇಟ್ಕೊಳ್ಳಿ. ಕಾರಿಗೆ ಸರಾಸರಿ ಒಂದೂವರೆ ಜನ ಅಂದ್ರೂ 1,350 ಜನ. ಈಗ ಅದೇ ಲೇನಿನಲ್ಲಿ ಕಾರು ತೆಗೆದು, ನಿಮಿಷಕ್ಕೊಂದು ಬಸ್ ಬಿಡಿ. ಬಸ್ಸಿಗೆ 50 ಜನ. ಗಂಟೆಗೆ 3,000 ಜನ ಆಯ್ತು, ಎರಡು ಪಟ್ಟಿಗಿಂತ ಜಾಸ್ತಿ. ಆದರೆ ಪಕ್ಕದ ಲೇನಲ್ಲಿ ನಿಂತವನಿಗೆ ಏನು ಕಾಣುತ್ತೆ? ಬಸ್ಸು ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಹೋದ್ರೆ ಒಂದು ಬಸ್ಸಿಗೂ ಇನ್ನೊಂದಕ್ಕೂ ನಡುವೆ ಅರ್ಧ ಕಿಲೋಮೀಟರ್ ಅಂತರ. ಅಂದ್ರೆ ಖಾಲಿ ರಸ್ತೆ ಕಾಣುತ್ತೆ! ಎರಡು ಪಟ್ಟು ಜನರನ್ನ ಸಾಗಿಸ್ತಿರೋ ಲೇನು ನೋಡೋರ ಕಣ್ಣಿಗೆ ದಂಡ ಅನ್ನಿಸುತ್ತೆ, ಅರ್ಧ ಜನರನ್ನ ಸಾಗಿಸೋ ಲೇನು ಭರ್ತಿ ಕೆಲಸ ಮಾಡ್ತಿರೋ ಹಾಗೆ ಕಾಣುತ್ತೆ. ಈ ಒಂದು ದೃಷ್ಟಿಭ್ರಮೆಗೆ ಎಷ್ಟು ಬಸ್ ಲೇನ್‌ಗಳು ಬಲಿಯಾಗಿವೆಯೋ.

ಇನ್ನೊಂದು ಲೆಕ್ಕ ಇದಕ್ಕಿಂತ ಮಜವಾಗಿದೆ. 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಒಲಿಂಪಿಕ್ಸ್ ಆಯ್ತು. ಕಾರಿಲ್ಲದೆ ಹಾಲು ತರೋಕೂ ಹೋಗದ ಊರು ಅದು. ಆಗ ಅಲ್ಲಿ ಮೆಟ್ರೋ ಕೂಡ ಇರಲಿಲ್ಲ. ಕೂಟ ಶುರುವಾದ್ರೆ ಊರು ಸ್ತಬ್ಧ ಅಂತ ಎಲ್ಲರೂ ಹೆದರಿದ್ದರು. ಆಗಿದ್ದು ಉಲ್ಟಾ, ಟ್ರಾಫಿಕ್ ನೀರು ಹರಿದ ಹಾಗೆ ಹರೀತು. ಹೊಸ ರಸ್ತೆ ಕಟ್ಟಿದ್ರಾ? ಇಲ್ಲ. ಲಾರಿಗಳ ಲೋಡಿಂಗು ಅನ್‌ಲೋಡಿಂಗು ರಾತ್ರಿಗೆ ಹಾಕಿ ಅಂದ್ರು. ಆಫೀಸುಗಳು ಬೇರೆ ಬೇರೆ ಹೊತ್ತಿಗೆ ತೆರೆಯಲಿ ಅಂದ್ರು. ಒಂದಷ್ಟು ಜನ ಹೆದರಿ ಊರು ಬಿಟ್ಟು ರಜೆಗೆ ಹೋದ್ರು. ಕ್ರೀಡಾಂಗಣದ ಸುತ್ತಲ ಸಿಗ್ನಲ್‌ಗಳನ್ನ ಒಂದೇ ಕಂಪ್ಯೂಟರಿಗೆ ಜೋಡಿಸಿದ್ರು. ರಸ್ತೆಯೊಳಗೆ ಹೂತಿಟ್ಟ ಡಿಟೆಕ್ಟರ್ ವಾಹನ ಎಣಿಸಿ ಹೇಳುತ್ತೆ, ಕಂಪ್ಯೂಟರ್ ಹಸಿರು ದೀಪದ ಸಮಯ ಬದಲಿಸುತ್ತೆ. ಆ ಊರಿನ ಸಿಗ್ನಲ್ ವ್ಯವಸ್ಥೆ ಇವತ್ತಿಗೂ ಅದೇ ಬೀಜದಿಂದ ಬೆಳೆದಿದ್ದು. ಇಸಿ ಬ್ರಾಂಚಿನವರು ಬೇಕಾದ್ರೆ ಕಾಲರ್ ಎತ್ತಿಕೊಳ್ಳಬಹುದು.

ಇಷ್ಟರಲ್ಲಿ ವಾಹನ ಕಡಿಮೆ ಆಗಿದ್ದು ಅರ್ಧಕ್ಕರ್ಧ ಏನಲ್ಲ, ಅಲ್ಪಸ್ವಲ್ಪ. ಅಷ್ಟಕ್ಕೇ ಜಾಮ್ ಹೇಗೆ ಮಾಯವಾಯ್ತು? ಕ್ಯೂಯಿಂಗ್ ಥಿಯರಿ ಓದಿರೋ ಸೀನಿಯರ್ಸ್‌ಗೆ ಇದು ಗೊತ್ತಿರುತ್ತೆ. ಕ್ಯೂ ಎಷ್ಟು ಉದ್ದ ಅನ್ನೋದು ρ/(1−ρ), ಇಲ್ಲಿ ρ ಅಂದ್ರೆ ಸಾಮರ್ಥ್ಯದಲ್ಲಿ ಎಷ್ಟು ಪಾಲು ಬಳಕೆಯಾಗಿದೆ ಅನ್ನೋದು. 95 ಪರ್ಸೆಂಟ್ ತುಂಬಿದ್ರೆ ಉತ್ತರ 19. 85 ಪರ್ಸೆಂಟ್ ಆದ್ರೆ 6 ಕೂಡ ಇಲ್ಲ. ಹತ್ತರಲ್ಲಿ ಒಬ್ಬರು ಬರಲಿಲ್ಲ ಅಂದ್ರೆ ಕ್ಯೂ ಮೂರನೇ ಒಂದಕ್ಕಿಂತ ಕಮ್ಮಿ. ರಸ್ತೆ ಅನ್ನೋದು ಪಠ್ಯಪುಸ್ತಕದ ಕ್ಯೂ ಅಲ್ಲ, ನಮ್ಮ ರಸ್ತೆಯಂತೂ ಅಲ್ಲವೇ ಅಲ್ಲ, ಆಟೋ ಓರೆಯಾಗಿ ನುಗ್ಗೋದು ಯಾವ ಫಾರ್ಮುಲಾದಲ್ಲೂ ಇಲ್ಲ. ಆದರೂ ಸ್ವಭಾವ ಅದೇ. ತುಂಬಿ ತುಳುಕೋ ಅಂಚಿನಲ್ಲಿರೋ ರಸ್ತೆಯಿಂದ ಸ್ವಲ್ಪ ಎತ್ತಿದ್ರೆ ಸಾಕು, ಮಿಕ್ಕಿದ್ದೆಲ್ಲ ಸಲೀಸು. ದೊಡ್ಡಪ್ಪನಿಗೆ ದೆಹಲಿ ಆರಾಮಾಗಿ ಕಂಡಿದ್ದಕ್ಕೂ ಇದೇ ಕಾರಣ. ಶಾಲೆ ರಜೆ ಶುರುವಾದ ದಿನ ನಮ್ಮ ಊರುಗಳ ರಸ್ತೆಯನ್ನೂ ಒಮ್ಮೆ ನೋಡಿ.

ಅಟ್ಲಾಂಟಾದಲ್ಲಿ ಆಟಗಾರರ ಬಸ್ಸು ದಾರಿ ತಪ್ಪಿದ್ರೂ, ಊರಿನವರು ಮಾತ್ರ ಕಾರು ಬಿಟ್ಟು ಹೊರಟಿದ್ದರು. ವಾರದ ದಿನಗಳ ಬೆಳಗಿನ ದಟ್ಟಣೆ 22.5 ಪರ್ಸೆಂಟ್ ಇಳೀತು ಅಂತ 2001ರಲ್ಲಿ ಬಂದ ಒಂದು ಸಂಶೋಧನಾ ಲೇಖನ ಹೇಳಿತು. ಗಾಳಿಯಲ್ಲಿನ ಓಝೋನ್ ಇಳೀತು, ಆಸ್ತಮಾಗೆ ಮಕ್ಕಳನ್ನ ತುರ್ತಾಗಿ ಆಸ್ಪತ್ರೆಗೆ ತರೋದೂ ಇಳೀತು ಅಂತ. ಇದನ್ನ ನಾವು ಬ್ರಹ್ಮಾಸ್ತ್ರ ಅಂದ್ಕೊಂಡು ದಪ್ಪಕ್ಷರದಲ್ಲಿ ಬರೆದಿಟ್ಟಿದ್ವಿ. ಆಮೇಲೆ ನೋಡಿದ್ರೆ 2010ರಲ್ಲಿ ಇನ್ನೊಂದು ಅಧ್ಯಯನ. ಒಲಿಂಪಿಕ್ಸ್ ಇಲ್ಲದ ಅಕ್ಕಪಕ್ಕದ ರಾಜ್ಯಗಳ ಊರುಗಳಲ್ಲೂ ಆ ವಾರಗಳಲ್ಲಿ ಓಝೋನ್ ಇಳಿದಿತ್ತು, ಹಾಗಾಗಿ ಅದು ಹವಾಮಾನದ ಕೆಲಸವೂ ಇರಬಹುದು ಅಂತ. ಸರಿ, ಬ್ರಹ್ಮಾಸ್ತ್ರ ವಾಪಸ್. ಟ್ರಾಫಿಕ್ ಇಳಿದಿದ್ದು ಮಾತ್ರ ಎಣಿಸಿದ ಲೆಕ್ಕ, ಅದನ್ನ ಇಟ್ಕೊಳ್ತೀವಿ.

ಬೀಜಿಂಗ್‌ನವರು ಇದನ್ನೇ ಹುಕುಂ ಮಾಡಿ ಸಾಧಿಸಿದ್ರು. 2008ರ ಜುಲೈ 20ರಿಂದ ಸೆಪ್ಟೆಂಬರ್ 20ರವರೆಗೆ ಸಮ ಸಂಖ್ಯೆಯ ಕಾರು ಒಂದು ದಿನ, ಬೆಸ ಸಂಖ್ಯೆಯದ್ದು ಇನ್ನೊಂದು ದಿನ. ಕೂಟ ಮುಗಿದ ಮೇಲೆ ಪೂರ್ತಿ ಕೈಬಿಡದೆ, ಅಕ್ಟೋಬರ್‌ನಿಂದ ಪ್ರತಿ ಕಾರಿಗೂ ವಾರದಲ್ಲಿ ಒಂದು ದಿನ ರಜೆ ಅಂತ ಮುಂದುವರಿಸಿದ್ರು. ಆಮೇಲೂ ಕಾರು ಏರ್ತಾನೇ ಹೋಗಿ, 2011ರಲ್ಲಿ ನಂಬರ್ ಪ್ಲೇಟಿಗೇ ಲಾಟರಿ ಎತ್ತೋ ಸ್ಥಿತಿ ಬಂತು. ನಮಗೆ ಅಂಥ ಹುಕುಂ ಬೇಕು ಅಂತ ನಾವು ಹೇಳ್ತಿಲ್ಲ. ಎರಡು ಕಾರಿರೋ ಮನೆಗೆ ಸಮ-ಬೆಸ ಎರಡೂ ಇರುತ್ತೆ, ಒಂದು ಸ್ಕೂಟಿ ಇರೋ ಮನೆಗೇ ತಾಪತ್ರಯ.

ಲಂಡನ್ ಮಾದರಿ ನಮಗೆ ಹೆಚ್ಚು ಹಿಡಿಸಿತು, ಅದರಲ್ಲೂ ಅಲ್ಲಿನ ಜಗಳ. 2012ರಲ್ಲಿ ಅಲ್ಲಿ ಸುಮಾರು 175 ಕಿಲೋಮೀಟರ್ ಒಲಿಂಪಿಕ್ ಮಾರ್ಗ, ಅದರಲ್ಲಿ ಮೀಸಲು ಲೇನ್ ಸುಮಾರು 48 ಕಿಲೋಮೀಟರ್. ಒಳಗೆ ನುಗ್ಗಿದ್ರೆ 130 ಪೌಂಡ್ ದಂಡ. ಜನ ಅದಕ್ಕೆ 'ಝಿಲ್ ಲೇನ್' ಅಂತ ಅಡ್ಡಹೆಸರಿಟ್ಟರು. ಝಿಲ್ ಅಂದ್ರೆ ಸೋವಿಯತ್ ನಾಯಕರು ಮಾಸ್ಕೋದಲ್ಲಿ ಮೀಸಲು ಲೇನಲ್ಲಿ ಓಡಿಸ್ತಿದ್ದ ಉದ್ದನೆ ಕಾರು. ಟ್ಯಾಕ್ಸಿಯವರು ತಮ್ಮನ್ನ ಒಳಗೆ ಬಿಡಲ್ಲ ಅಂತ ರಸ್ತೆಗಿಳಿದು ಗಲಾಟೆ ಮಾಡಿದ್ರು. ಆದರೆ ಲಂಡನ್‌ನವರು ಎರಡು ಒಳ್ಳೆ ಕೆಲಸ ಮಾಡಿದ್ರು. ತಿಂಗಳುಗಳ ಮೊದಲೇ, ಯಾವ ಸ್ಟೇಷನ್ನು ಯಾವ ದಿನ ಎಷ್ಟು ಹೊತ್ತಿಗೆ ತುಂಬುತ್ತೆ ಅಂತ ಜನರಿಗೆ, ಕಂಪನಿಗಳಿಗೆ ಬಿಡಿಸಿ ಹೇಳಿದ್ರು. ಮತ್ತೆ, ಕೂಟಕ್ಕೆ ಬೇಡದ ಹೊತ್ತಲ್ಲಿ ಎಲೆಕ್ಟ್ರಾನಿಕ್ ಬೋರ್ಡ್ ಹಾಕಿ ಲೇನನ್ನ ಎಲ್ಲರಿಗೂ ತೆರೆದುಬಿಡ್ತಿದ್ರು. ನಮ್ಮ ಸಿಗ್ನಲ್‌ನಲ್ಲಿ ಆ ಇಪ್ಪತ್ತೈದು ನಿಮಿಷದಲ್ಲಿ ಇಪ್ಪತ್ತು ನಿಮಿಷ ರಸ್ತೆ ತೆರೆದಿಡಬಹುದಿತ್ತು ಅಂತ ನಮಗೆ ಹೊಳೆದಿದ್ದು ಇದನ್ನ ಓದುವಾಗ. ಬೇಕಿದ್ದಿದ್ದು ಒಂದು ವಾಕಿಟಾಕಿ, ಮತ್ತೆ ನಮ್ಮ ಹೊತ್ತಿಗೂ ಒಂದು ಬೆಲೆ ಇದೆ ಅನ್ನೋ ಯೋಚನೆ.

ಈಗ ಸಿಟ್ಟಿನ ವಿಷಯಕ್ಕೆ ಬರ್ತೀವಿ.

ದೆಹಲಿಯಲ್ಲಿ ಕೂಟಕ್ಕೆ ಎರಡು ವರ್ಷ ಮುಂಚೆ, 2008ರಲ್ಲಿ, ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗೆ ಬಸ್ಸಿಗೆ ಅಂತ ರಸ್ತೆ ಮಧ್ಯದಲ್ಲಿ ಲೇನ್ ಮಾಡಿದ್ರು. ಬಿಆರ್‌ಟಿ ಅಂತ. ಆರು ಕಿಲೋಮೀಟರ್ ಕೂಡ ಇರಲಿಲ್ಲ. ವಿನ್ಯಾಸದಲ್ಲಿ ದೋಷ ಇತ್ತು, ನಿಜ. ಸ್ಟಾಪು ರಸ್ತೆ ನಡುವೆ, ದಾಟೋದು ಕಷ್ಟ, ಸಿಗ್ನಲ್ ಸೈಕಲ್ ಉದ್ದ. ಆದರೆ ಶುರುವಾದ ದಿನದಿಂದ ಅದರ ಮೇಲೆ ಇದ್ದ ದೊಡ್ಡ ಆರೋಪ ಅಂದ್ರೆ "ಬಸ್ ಲೇನ್ ಖಾಲಿ ಇದೆ, ಕಾರಿನವರು ಜಾಮಲ್ಲಿ ಸಾಯ್ತಿದ್ದಾರೆ" ಅನ್ನೋದು. ಅದೇ ದೃಷ್ಟಿಭ್ರಮೆ! ಆ ಲೇನನ್ನ ಎಲ್ಲ ವಾಹನಕ್ಕೂ ಬಿಡಿ ಅಂತ ಹೈಕೋರ್ಟ್‌ಗೆ ಹೋದ್ರು. 2012ರಲ್ಲಿ ಕೋರ್ಟ್ ಆ ಅರ್ಜಿಯನ್ನ ತಳ್ಳಿಹಾಕಿ ಬಸ್ ಲೇನ್ ಪರ ನಿಂತಿತು. ಆದರೂ ಉಳೀಲಿಲ್ಲ. 2016ರಲ್ಲಿ ಅದನ್ನ ಕಿತ್ತುಹಾಕಿದರು. ಅದೇ ವರ್ಷದ ಜನವರಿಯಲ್ಲಿ ಅದೇ ಊರಲ್ಲಿ ಕಾರು ಕಮ್ಮಿ ಮಾಡೋಣ ಅಂತ ಸಮ-ಬೆಸ ಪ್ರಯೋಗ ನಡೀತು. ಇದನ್ನ ನಾವು ಕಟ್ಟಿ ಹೇಳ್ತಿಲ್ಲ.

ಈ ಎರಡು ಲೇನನ್ನ ಪಕ್ಕಪಕ್ಕ ಇಟ್ಟು ನೋಡಿ. 2010ರ ಕೂಟದ ಲೇನ್ ಕೂಡ ಖಾಲಿ ಕಾಣ್ತಿತ್ತು, ಅದಕ್ಕೂ ಬೇರೆಯವರ ರಸ್ತೆಯನ್ನೇ ಕತ್ತರಿಸಿ ಕೊಟ್ಟಿದ್ದು. ಗೊಣಗಿದ್ರು, ಪತ್ರಿಕೆಗಳಲ್ಲಿ ಬರೆದ್ರು, ಆದ್ರೂ ಸಹಿಸಿಕೊಂಡ್ರು, ಯಾಕಂದ್ರೆ ಅತಿಥಿಗಳು ಬಂದಿದ್ದಾರೆ, ದೇಶದ ಮರ್ಯಾದೆ. ದಿನಾ ಆಫೀಸಿಗೆ, ಕೂಲಿಗೆ, ಕಾಲೇಜಿಗೆ ಹೋಗೋ ಸ್ವಂತ ಊರಿನವರಿಗೆ ಅಂತ ಅದೇ ರೀತಿ ಒಂದು ಲೇನ್ ಕೊಟ್ಟಾಗ ಎಂಟು ವರ್ಷ ಕೂಡ ತಡ್ಕೊಳ್ಳಲಿಲ್ಲ. ಅತಿಥಿಗೆ ಬಾಳೆಲೆ ಹಾಕಿ ಬಡಿಸೋದು ತಪ್ಪಲ್ಲ. ಆದ್ರೆ ಅತಿಥಿ ಹೋದ ಮೇಲೆ ಮನೆಯವರಿಗೆ ಊಟಕ್ಕೆ ಜಾಗವೇ ಇಲ್ಲ ಅನ್ನೋ ಮನೆ ಯಾವುದಿದೆ?

ಕೂಟದಿಂದ ದೆಹಲಿಗೆ ಏನೂ ಉಳೀಲಿಲ್ಲ ಅಂತ ಹೇಳಿದ್ರೆ ಸುಳ್ಳಾಗುತ್ತೆ. ಮೆಟ್ರೋ ಉಳೀತು. ಸೆಂಟ್ರಲ್ ಸೆಕ್ರೆಟೇರಿಯಟ್‌ನಿಂದ ಸರಿತಾ ವಿಹಾರದವರೆಗಿನ ಮಾರ್ಗ ಉದ್ಘಾಟನೆಯಾಗಿದ್ದು ಕೂಟ ಶುರುವಾದ ದಿನವೇ. ಆಟಗಾರರನ್ನ ಕ್ರೀಡಾಂಗಣಕ್ಕೆ ಮುಟ್ಟಿಸೋಕೆ ಕಟ್ಟಿದ ಬಾರಾಪುಲ್ಲಾ ಎತ್ತರದ ರಸ್ತೆಯೂ ಉಳೀತು, ಇವತ್ತು ಅದರ ಮೇಲೆ ಕಾರುಗಳು ಸಾಲು ನಿಲ್ತವೆ. ಕಾಂಕ್ರೀಟಲ್ಲಿ ಕಟ್ಟಿದ್ದು ಉಳಿಯುತ್ತೆ. ಬಣ್ಣದಲ್ಲಿ ಬರೆದಿದ್ದು, ಅದರಲ್ಲೂ ಖರ್ಚೇ ಇಲ್ಲದ್ದು, ಮೊದಲ ಮಳೆಗೆ ಹೋಗುತ್ತೆ.

ನಮ್ಮ ಬೆಂಗಳೂರಲ್ಲೂ ಇದರ ಒಂದು ಸಣ್ಣ ಕಥೆ ಇದೆ. 2019ರ ಕೊನೆಯಲ್ಲಿ ಔಟರ್ ರಿಂಗ್ ರೋಡಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಕಡೆಗೆ ಬಸ್ಸಿಗೆ ಅಂತ ಲೇನ್ ಬಿಟ್ಟಿದ್ದರು, ನೆನಪಿದೆಯಾ? 'ನಿಂಬಸ್' ಅಂತ ಹೆಸರು. ನಮ್ಮಲ್ಲೊಬ್ಬಳು ಆಗ ಏಳನೇ ಕ್ಲಾಸು, ಮನೆ ಮಾರತ್ತಹಳ್ಳಿ ಹತ್ತಿರ. ಅವಳ ಅಮ್ಮ ಆ ಕೆಲವು ತಿಂಗಳು ಕತ್ತಲಾಗೋ ಮುಂಚೆ ಮನೆಗೆ ಬರ್ತಿದ್ರಂತೆ. ಅವಳಿಗೆ ಲೇನ್, ಬೊಲ್ಲಾರ್ಡ್ ಯಾವುದೂ ಸರಿಯಾಗಿ ನೆನಪಿಲ್ಲ, ಸಂಜೆ ಅಮ್ಮನ ಜೊತೆ ಕಾಫಿ ಕುಡಿದಿದ್ದು ನೆನಪಿದೆ. ಆಮೇಲೆ ಕೊರೊನಾ ಬಂತು, ಮೆಟ್ರೋ ಕಾಮಗಾರಿ ಬಂತು, ಲೇನ್ ಹೋಯ್ತು. ಅದು ಹೋಯ್ತು ಅಂತ ಯಾರೂ ಗಲಾಟೆ ಮಾಡಿದ ಹಾಗೆ ಕಾಣಲಿಲ್ಲ. ಬಸ್ಸಲ್ಲಿ ಹೋಗೋರಿಗೆ ಗಲಾಟೆ ಮಾಡೋಕೆ ಹೊತ್ತೆಲ್ಲಿ.

ಬೇರೆ ಥರ ಆಗೋಕೆ ಸಾಧ್ಯ ಇಲ್ಲ ಅಂತೇನಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಅಲ್ಲಿ 185 ಕಿಲೋಮೀಟರ್ ಮೀಸಲು ಲೇನ್ ಮಾಡಿದ್ದರು, ಊರ ಸುತ್ತಲಿನ ರಿಂಗ್ ರೋಡ್ ಮೇಲೂ ಇತ್ತು. (ಆ ದಿನಗಳಲ್ಲಿ ಮೆಟ್ರೋ ಬಿಡಿ ಟಿಕೆಟ್ಟನ್ನ 2.15 ಯೂರೋದಿಂದ 4 ಯೂರೋಗೆ ಏರಿಸಿದ್ದು ನಮಗೆ ಹಿಡಿಸಲಿಲ್ಲ. ಲಂಡನ್‌ನಲ್ಲಿ ಆಟದ ಟಿಕೆಟ್ ಜೊತೆ ದಿನದ ಪಾಸ್ ಕೊಟ್ಟಿದ್ದರು.) ಕೂಟ ಮುಗಿದ ಮೇಲೆ ರಿಂಗ್ ರೋಡಿನ ಆ ಲೇನನ್ನ ಸುಮ್ಮನೆ ಅಳಿಸಲಿಲ್ಲ. 2025ರ ಮಾರ್ಚ್‌ನಿಂದ ವಾರದ ದಿನಗಳಲ್ಲಿ, ದಟ್ಟಣೆಯ ಹೊತ್ತಲ್ಲಿ, ಅದು ಬಸ್ಸು, ಟ್ಯಾಕ್ಸಿ ಮತ್ತೆ ಇಬ್ಬರಾದ್ರೂ ಕೂತಿರೋ ಕಾರಿಗೆ ಮಾತ್ರ. ಅಲ್ಲೂ ದೊಡ್ಡ ಜಗಳ ಆಯ್ತು, ಈಗಲೂ ಇದೆ. ಆದ್ರೆ ಒಲಿಂಪಿಕ್ಸ್ ಇರದಿದ್ರೆ ಆ ಲೇನನ್ನ ಮಾಡಿ ತೋರಿಸೋಕೇ ಆಗ್ತಿರಲಿಲ್ಲ. ಹದಿನೈದು ದಿನ ಅದರಿಂದ ಊರೇನೂ ಮುಳುಗಿಲ್ಲ ಅನ್ನೋದು ಎಲ್ಲರ ಕಣ್ಣಿಗೂ ಬಿದ್ದಿತ್ತು. ನೂರು ಸೆಮಿನಾರ್ ಮಾಡಿದ್ರೂ ಅಷ್ಟು ದೊಡ್ಡ ಡೆಮೋ ಕೊಡೋಕಾಗಲ್ಲ.

ಹಾಗಾಗಿ ಅಹಮದಾಬಾದ್ ವಿಷಯದಲ್ಲಿ ನಮ್ಮ ಭಯ ಲೇನ್ ಮೀಸಲಿಡ್ತಾರೆ ಅನ್ನೋದಲ್ಲ. ಆ ಊರಲ್ಲಿ 2009ರಿಂದಲೇ ಜನಮಾರ್ಗ್ ಅಂತ ಬಿಆರ್‌ಟಿಎಸ್ ಇದೆ, ರಸ್ತೆ ಮಧ್ಯ ಬೇಲಿ ಹಾಕಿದ ಬಸ್ ಲೇನ್. ದೆಹಲಿಯದು ಹೋದ್ರೂ ಇದು ಉಳಿದಿದೆ. ಕೂಟದ ಕಾರುಗಳಿಗೆ ಜಾಗ ಹುಡುಕೋ ಅಧಿಕಾರಿಗೆ ಮೊದಲು ಕಣ್ಣಿಗೆ ಬೀಳೋದು ಆ ರೆಡಿಮೇಡ್ ಲೇನೇ. "ಹತ್ತು ಹನ್ನೆರಡು ದಿನ ತಾನೇ, ಬಸ್ಸುಗಳನ್ನ ಪಕ್ಕಕ್ಕೆ ಹಾಕಿ" ಅಂದುಬಿಟ್ರೆ ಮುಗೀತು, ಅಲ್ಲಿನ ಬಸ್ ಪ್ರಯಾಣಿಕರು ತಮ್ಮದೇ ಲೇನಲ್ಲಿ ಬೇರೆಯವರು ಹೋಗೋದನ್ನ ನೋಡ್ತಾ ನಿಲ್ಲಬೇಕು. ಒಂದು ಲಕ್ಷದ ಮೂವತ್ತೆರಡು ಸಾವಿರ ಜನ ಹಿಡಿಸೋ ಕ್ರೀಡಾಂಗಣ ಅದೇ ಊರಿನ ಮೊಟೆರಾದಲ್ಲಿದೆ, ಪಕ್ಕದಲ್ಲೇ ಮೆಟ್ರೋ ಇದೆ. ಅಂಥ ಕಡೆಗೆ ಆಟದ ಟಿಕೆಟ್ ತೋರಿಸಿದವರಿಗೆ ಮೆಟ್ರೋ, ಬಸ್ಸು ಪುಕ್ಕಟೆ ಅಂತ ಈಗಲೇ ಹೇಳಬಹುದು. ಕಾರಿನಲ್ಲಿ ಬರೋ ಲೇನ್ ಬೇಕಾದ್ರೆ ಕಾರಿನ ಲೇನಿಂದಲೇ ಕತ್ತರಿಸಲಿ, ಬಸ್ಸಿನದ್ದರಿಂದ ಬೇಡ. ಆ ಹೊಸ ಲೇನ್ ಒಳಗೆ ಆಂಬ್ಯುಲೆನ್ಸ್‌ಗೆ ಮೊದಲ ದಿನದಿಂದಲೇ ಪ್ರವೇಶ ಇರಲಿ. ಶಾಲೆ ಕಾಲೇಜಿಗೆ ರಜೆ ಕೊಟ್ಟು ಟ್ರಾಫಿಕ್ ಇಳಿಸೋದು ಬೇಡ, ಅದು ಪ್ಲಾನಿಂಗ್ ಅಲ್ಲ, ಪರೀಕ್ಷೆಗೆ ಓದದವನು ಪರೀಕ್ಷೆಯೇ ಮುಂದೆ ಹೋಗಲಿ ಅಂತ ಬೇಡ್ಕೊಂಡ ಹಾಗೆ. (ಈ ವಿದ್ಯೆಯಲ್ಲಿ ನಮಗೆ ಅನುಭವ ಇದೆ.)

ಇನ್ನೊಂದು ಬೇಡಿಕೆ ಇದೆ, ಇದೇ ಮುಖ್ಯ. ಕೂಟದ ಸಾರಿಗೆ ಯೋಜನೆ ಅಂತ ದಪ್ಪ ಪುಸ್ತಕ ಒಂದು ಹೇಗೂ ಬರುತ್ತೆ. ಅದರಲ್ಲಿ ಕೂಟದ ಸಮಾರೋಪದ ಮಾರನೇ ದಿನಕ್ಕೂ ಒಂದು ಪುಟ ಇರಲಿ. ಯಾವ ಯಾವ ಲೇನು, ಎಲ್ಲಿಂದ ಎಲ್ಲಿವರೆಗೆ, ಯಾವ ನಂಬರಿನ ಬಸ್ಸಿಗೆ, ಎಷ್ಟು ನಿಮಿಷಕ್ಕೊಂದು. ಆಟಗಾರರ ಬಸ್ಸು ಬೆಳಿಗ್ಗೆ ಖಾಲಿ ಮಾಡಿದ ಲೇನಿಗೆ ಸಂಜೆಯೊಳಗೆ ಊರಿನ ಬಸ್ಸು ಇಳೀಬೇಕು, ಬಣ್ಣ ಮಾಸೋ ಮುಂಚೆ. 2030ಕ್ಕೆ ನಾವು ಓದು ಮುಗಿಸಿ, ದೇವರು ದೊಡ್ಡವನಾದ್ರೆ, ಎಲ್ಲೋ ಕೆಲಸದಲ್ಲಿ ಇರ್ತೀವಿ. ನಮ್ಮ ಸಿವಿಲ್ ಬ್ರಾಂಚಿನ ಯಾರಾದ್ರೂ ಆ ಪುಟ ಬರೆಯೋ ಕೈಗಳಲ್ಲಿ ಇದ್ರೂ ಇರಬಹುದು.

ಅಂದ ಹಾಗೆ ಆ ಲ್ಯಾಬ್ ಇಂಟರ್ನಲ್ಸ್ ವಿಷಯ. ಮೇಡಂ ಕೊನೆಗೆ ಒಳಗೆ ಬಿಟ್ಟರು, ಆದ್ರೆ ಎಕ್ಸ್‌ಟ್ರಾ ಟೈಮ್ ಕೊಡಲಿಲ್ಲ. ಐದು ಜನರಲ್ಲಿ ಮೂವರ ಸರ್ಕ್ಯೂಟ್‌ನಲ್ಲಿ ಔಟ್‌ಪುಟ್ ಬರಲಿಲ್ಲ. ಅದಕ್ಕೆ ಟ್ರಾಫಿಕ್ ಒಂದೇ ಕಾರಣ ಅಂತ ಹೇಳಿದ್ರೆ ನಮ್ಮ ಬ್ಯಾಚ್‌ಮೇಟ್ಸ್ ಯಾರೂ ನಂಬಲ್ಲ.